ಒಂದೂವರೆ ಕಣ್ಣು

ಮಂಡಿಪೇಟೆಯ ಮೂಲೆಯಂಗಡಿಯಲ್ಲಿ ಮೂರು ದುರ್ಬೀನು.
ಮೊದಲನೆಯದು ಹೊಚ್ಚ ಹೊಸದು, ಆಟಿಕೆಯಷ್ಟು ಹಗುರ,
ಗಾಜಿಗೆ ಕೆಂಪು ಲೇಪ; ಕಣ್ಣಿಗಿಟ್ಟರೆ
ಎದುರು ಮಂಡಿಯ ಬೆಲ್ಲವೆಲ್ಲ ಹಸಿರು.
ಎರಡನೆಯದರ ಬೆಲೆ ಕೇಳಿ
ಮೆಲ್ಲಗೆ ಕೆಳಗಿಟ್ಟೆ.

"ಇದು ತಗೊಳ್ಳಿ," ಅಂದರು ಅಮೀನುದ್ದೀನ್ ಸಾಬರು,
"ಎಡಗಣ್ಣಿಗೆ ಒಂಚೂರು ಬೂಷ್ಟು. ಬಲಗಣ್ಣು ಹದ್ದು.
ಆರುನೂರು ಕೊಡಿ. ಬೇಟೆಗಾ?"

ಹೂಂ, ಬೇಟೆಗೇ, ಅಂದುಬಿಟ್ಟೆ.
ನಮ್ಮ ಮನೆಯ ನಾಲಿಗೆಯಿಂದ
ಆ ಮಾತು ಇನ್ನೂ ಇಳಿದಿಲ್ಲ.
ಕದರಪ್ಪ ತಾತ ಅಂಗೈ ಕೊಳವೆ ಮಾಡಿ
ಹುರುಳಿ ಹೊಲದಾಚೆಯ ಮೊಲದ ಕಿವಿ ಎಣಿಸುತ್ತಿದ್ದ.
ಒಂದೇ ಕಿವಿ ಕಂಡರೆ, "ಬಿಡ್ಲಾ, ಹಾಲೂಡುಸ್ತೈತೆ."
ನಿಜವೋ,
ಗುರಿ ತಪ್ಪೀತೆಂಬ ನೆಪವೋ.

ಐನೂರ ಐವತ್ತಕ್ಕೆ ಕುದುರಿತು.
ಕೊರಳಪಟ್ಟಿ ಇರಲಿಲ್ಲ;
ಅಟ್ಟದ ಮೇಲಿದ್ದ ತಾತನ ಬಲೆಯಿಂದ
ಒಂದು ಹುರಿ ಬಿಚ್ಚಿ ಕಟ್ಟಿದೆ.

ಮೈದನಹಳ್ಳಿಯ ಹುಲ್ಲುಬಯಲು, ಸಂಜೆ ಆರು.
ವಾಚರ್ ಖಾಕಿಯೊಳಗೆ ನಾನು, ಬಂಡೆಗೆ ಮೊಣಕೈ ಊರಿ.
ಎಡಗಣ್ಣಲ್ಲಿ ಹಾಲಿನ ಕೆನೆಯಂಥ ಮಂಜು.
ಬಲಗಣ್ಣಲ್ಲಿ ಒಂದು ಕೃಷ್ಣಮೃಗ,
ತಿರುಚುಗೊಂಬಿನ ಗಂಡು,
ಮೆಲುಕು ನಿಲ್ಲಿಸಿ, ಅಷ್ಟು ದೂರದಿಂದ
ನನ್ನನ್ನೇ ನೋಡುತ್ತಿದೆ,

ಬರಿಗಣ್ಣಲ್ಲಿ.