ಡಬ್ಬಿಯೊಳಗಿನ ಅತ್ತೆ

ಡೇರಿಯ ಕೊನೇ ಕ್ಯಾನು ಲಾರಿಗೆ ಹತ್ತಿಸಿ
ಕೈಗಿನ್ನೂ ಹಸಿಹಾಲಿನ ವಾಸನೆ ಇರುವಾಗಲೇ
ಬಚ್ಚಲಿಗೆ ಬರುತ್ತೇನೆ.
ಬೇಸಿನ್ನಿಗೆ ಅರ್ಧ ನೀರು,
ತಳಕ್ಕೊಂದು ಹಳೇ ಟವೆಲು.
ಕೈ ಜಾರಿದರೂ ಒಡೆಯಬಾರದು ನೋಡಿ,
ಒಂಬತ್ತು ಸಾವಿರ.

ಮೇಲಿನದೊಂದು, ಕೆಳಗಿನದೊಂದು.
ಅಂಗೈಯಲ್ಲಿಟ್ಟುಕೊಂಡರೆ
ಎಷ್ಟು ಹಗುರ ನಮ್ಮತ್ತೆ!

ಇಪ್ಪತ್ತೆರಡು ವರ್ಷ,
ಮೊದಲು ಹುಟ್ಟಿದ ಹಲ್ಲಲ್ಲಿ, ಆಮೇಲೆ ಕೊಂಡ ಹಲ್ಲಲ್ಲಿ
ಒಂದೇ ಸಮ ಬೈದಿದ್ದಾಳೆ.
ಹಲ್ಲು ಕಚ್ಚಿಕೊಂಡು ಬಾಳು ಅಂದಿದ್ದಳು ನಮ್ಮಮ್ಮ,
ಯಾರ ಹಲ್ಲು ಅಂತ ಹೇಳಿರಲಿಲ್ಲ.

ಬ್ರಶ್ಶು ಮೆತ್ತಗಿರಬೇಕು.
ಮಕ್ಕಳದು ತಂದಿದ್ದೇನೆ, ಹಿಡಿಯ ಮೇಲೆ ಆನೆ ಇದೆ.
ಪೇಸ್ಟು ಬೇಡ, ಗೀರು ಬೀಳುತ್ತೆ,
ಪಾತ್ರೆ ತೊಳೆಯೋ ಸೋಪಿನ ನೀರು ಒಂದು ಹನಿ ಸಾಕು
ಅಂದಿದ್ದರು ಆಸ್ಪತ್ರೆ ರಸ್ತೆಯ ಡಾಕ್ಟರು.
ಹೊರಮೈ, ಒಳಮೈ,
ವಸಡಿಗೆ ಕೂರುವ ಆ ಗುಲಾಬಿ ತೊಟ್ಟಿಲು.
ಸಂದಿಯಲ್ಲಿ ಎಲೆಯಡಿಕೆಯ ಕರೆ,
ಹುಚ್ಚೆಳ್ಳು ಚಟ್ನಿಯ ಒಂದು ಕಪ್ಪು ಚುಕ್ಕೆ.
'ಬೂದಿ ಆಕಿ ತಿಕ್ಕಮ್ಮಿ, ಬೆಳ್ಳಿ ಆಯ್ತದೆ'
ಮಂಚದಿಂದ ಸಲಹೆ.
ಇದ್ದಿಲಲ್ಲಿ ಉಜ್ಜಿದ ಬಾಯಿ ಅದು,
ಕೀಲಾರದ ಆಲೆಮನೆ ಮುಂದೆ ಪಣ ಕಟ್ಟಿ
ಗಿಣ್ಣು ಸಮೇತ ಕಬ್ಬು ಸಿಗಿದ ಬಾಯಿ.

ಮುದ್ದೆಗೆ ಹಲ್ಲು ಯಾಕವ್ವ, ನುಂಗಿದರಾಯಿತು
ಅಂದಿದ್ದರು ನಮ್ಮ ಮನೆಯವರು, ದುಡ್ಡು ಲೆಕ್ಕ ಹಾಕುತ್ತ.
ಆದರೆ 'ಶಶಿ' ಅನ್ನಬೇಕಾದರೆ ಹಲ್ಲು ಬೇಕು.
ಕಟ್ಟಿಸಿದ ವಾರಕ್ಕೇ ಅಂದಳು,
ಒಂದಕ್ಷರ ಜಾರದಂತೆ:
'ಶಶೀ, ಸಾರಿಗೆ ಉಪ್ಪು ನಿಮ್ಮಪ್ಪ ಬಂದ್ ಆಕ್ತಾನಾ?'

ಒಂದು ಸಂಗತಿ ಇದೆ.
ಆ ವರ್ಷ ಶಿವರಾತ್ರಿಯ ಹಿಂದಿನ ದಿನ
ಕುದಿಯೋ ನೀರು ಹುಯ್ದೆ ಹಲ್ಲಿನ ಮೇಲೆ.
ಕ್ಯಾನು ತೊಳೆಯೋದು ಹಾಗೇ ತಾನೆ.
ಸೊಟ್ಟಗಾಯಿತು.
ಮಾತಾಡಿದರೆ ಬಾಯಲ್ಲಿ ಗಡಗಡ.
'ಬೇಕೂಂತ್ಲೇ ಮಾಡವ್ಳೆ' ಅಂತ ನಾಲೆ ಏರಿ ತನಕ ಹೇಳಿ ಬಂದಳು.
ನನಗೆ ಗೊತ್ತಿರಲಿಲ್ಲ ಅಂದೆ.
ಡಾಕ್ಟರ ಚೀಟಿ ಕ್ಯಾಲೆಂಡರಿನ ಮೊಳೆಯಲ್ಲೇ ಇತ್ತು,
ಹೊಂಬಾಳಮ್ಮ, ಅರವತ್ತೆಂಟು ವರ್ಷ,
ಮೂರನೇ ಸಾಲು: ಬಿಸಿನೀರು ಕೂಡದು.
ಓದಿದ್ದೆನೋ ಇಲ್ಲವೋ
ಇವತ್ತಿಗೂ ನನಗೇ ಸರಿಯಾಗಿ ಹೇಳಲು ಬರುವುದಿಲ್ಲ.
ಮೂರು ಬಟವಾಡೆ ಕೂಡಿಸಿ ಮತ್ತೆ ಕಟ್ಟಿಸಿದೆ.

ಹೋದ ಕಾರ್ತಿಕದಲ್ಲಿ ಅವಳ ಬಲಗೈ ಬಿದ್ದುಹೋಯಿತು.
ಈಗ ನನ್ನೆದುರು ಬಾಯಿ ತೆರೆದು ಕೂರುತ್ತಾಳೆ,
ಕಣ್ಣು ಬೇರೆಲ್ಲೋ ಇಟ್ಟು.
ತೋರುಬೆರಳಿಗೆ ಒದ್ದೆ ಬಟ್ಟೆ ಸುತ್ತಿ
ವಸಡು ಒರೆಸುತ್ತೇನೆ, ಮೆಲ್ಲಗೆ ನೀವುತ್ತೇನೆ.
ನನ್ನ ಮಗಳಿಗೆ ಹಲ್ಲು ಮೊಳೆಯುವ ಮುಂಚೆ
ಹೀಗೇ ಇತ್ತು, ಬೆಚ್ಚಗೆ, ಜಾರುಜಾರು.
ಒಮ್ಮೊಮ್ಮೆ ಬೆರಳು ಕಚ್ಚುತ್ತಾಳೆ,
ಬೇಕೂಂತಲೇ.

ರಾತ್ರಿಯಿಡೀ ನೀರಲ್ಲಿರಬೇಕು, ಒಣಗಬಾರದು.
ಒಂದು ಸ್ಟೀಲಿನ ಡಬ್ಬಿ,
ಚುಕ್ಕೆಚುಕ್ಕೆಯಾಗಿ ಕೆತ್ತಿಸಿದ ಅಕ್ಷರ:
'ಚಿ. ಸೌ. ಶಶಿಕಲಾಗೆ ತಾಯಿಯ ಉಡುಗೊರೆ'.
ಇಷ್ಟಗಲದ್ದರಲ್ಲಿ ಏನಿಡೋದು, ನನ್ ತಲೆಯಾ
ಅಂತ ಚಪ್ಪರದಡಿಯಲ್ಲೇ ಮೂಗು ಮುರಿದಿದ್ದಳು.
ಈಗ ಅದರೊಳಗೆ ಅವಳ ನಗು
ಮುಚ್ಚಳ ಹಾಕಿಸಿಕೊಂಡು ಮಲಗುತ್ತೆ.

ದೀಪ ಆರಿಸಿದ ಮೇಲೆ ಕತ್ತಲಲ್ಲಿ
'ಹಹೀ' ಅಂತಾಳೆ.
ಮೊದಲ ಸಲ ನಗುತ್ತಿದ್ದಾಳೆ ಅಂದುಕೊಂಡಿದ್ದೆ.
ಏನತ್ತೆ?
'ನೀರ್ ಹುಯ್ದ್ಯಾ?'
ಹುಯ್ದೆ.
ಸ್ವಲ್ಪ ಹೊತ್ತು ಜೀರುಂಡೆ.
'ತಣ್ಣೀರೇ ತಾನೆ?'

ಎದ್ದು ಡಬ್ಬಿಯನ್ನು ಮಂಚದ ಬಳಿ ಒಯ್ಯುತ್ತೇನೆ.
ಎಡಗೈಯ ಕಿರುಬೆರಳು ಅದ್ದಿ
ನೋಡುತ್ತಾಳೆ.