ಹದಿನಾಲ್ಕನೆಯ ಪ್ರಶ್ನೆ

ಇನ್ನೂರ ಹನ್ನೆರಡು ಫಾರ್ಮು ಅಚ್ಚು ಹಾಕಿಸಿದ್ದೆವು.
ಮರಳಿ ಬಂದದ್ದು ಮೂವತ್ತೊಂದು.
ಅದರಲ್ಲೂ ಹತ್ತು ಆಫೀಸಿನವರವೇ,
ಎಲ್ಲ ಚೌಕದಲ್ಲೂ ‘ಅತ್ಯುತ್ತಮ’ಕ್ಕೆ ಗುರುತು ಹಾಕಿ
ಮಡಿಕೆ ಬೀಳದಂತೆ ತಂದುಕೊಟ್ಟವು.

“ಎಂಬತ್ತು ಪರ್ಸೆಂಟ್ ಬೇಕು, ತಾಂಡೇಲ್,
ಗೋವೆಯ ಹೆಡ್ಡಾಫೀಸಿನವರು ಕೇಳ್ತಿದ್ದಾರೆ,”
ಮ್ಯಾನೇಜರು ಹೇಳಿದರು, ಫೋನು ಕೆಳಗಿಡದೆ.
“ಬಹುಮಾನ ಇಡಿ. ಸ್ಟೀಲಿನ ಡಬ್ಬ ಗಿಬ್ಬ.”

ಹೀಗೆ ನಾನು, ಬೈತಖೋಲದ ಸಿಗಡಿ ಕಾರ್ಖಾನೆಯ
ಟೈಮ್‌ಕೀಪರ್, ಹದಿನಾರು ವರ್ಷದ ಸರ್ವಿಸು,
ಬೀಗ ಹಾಕಿದ ತಗಡಿನ ಪೆಟ್ಟಿಗೆ ಹಿಡಿದು
ದೇವರ ಹುಂಡಿ ತಂದವನ ಹಾಗೆ
ಸುಲಿಯುವ ಮೇಜುಗಳ ನಡುವೆ ನಿಂತೆ.
ಕಾಲಡಿ ಐಸಿನ ನೀರು. ಯಾರೂ ತಲೆಯೆತ್ತಲಿಲ್ಲ.
ಕೈಗಳು ಮಾತ್ರ: ತಲೆ ಮುರಿ, ಸಿಪ್ಪೆ ಎಳೆ, ನರ ತೆಗೆ, ಎಸೆ.

“ಹೆಸರು ಬರೆಯುವುದು ಬೇಡ,” ಎಂದೆ. “ಗುಟ್ಟು.”
ಪಾವ್ಲಿನ್ ಬಾಯಿ ಕನ್ನಡಕ ಹಣೆಗೇರಿಸಿ
ಫಾರ್ಮಿನ ಮೂಲೆಗೆ ಒದ್ದೆ ಬೆರಳಿಟ್ಟಳು:
“ಹಾಗಾದ್ರೆ ಇದೆಂತಾ ನಂಬರು, ಸಾಯ್ಬ?”
ನೂರಾ ನಾಲ್ಕು.
ಅಷ್ಟೂ ಹಾಳೆ ಎಣಿಸಿದವ ನಾನೇ,
ಅದು ಕಣ್ಣಿಗೆ ಬಿದ್ದಿರಲಿಲ್ಲ.

“ನಂಬರು ಇಲ್ದಿದ್ರೂ ಗೊತ್ತಾಗ್ತದೆ,” ಹೊನ್ನಿ ಗೌಡ್ತಿ ಎಂದಳು.
“ಸಿಗಡಿ ವಾಸನೆ ಬಂದ್ರೆ ನಾವು,
ಡೀಸೆಲ್ ಬಂದ್ರೆ ಲಾರಿಯವ್ರು,
ಎಂತದೂ ಬರದಿದ್ರೆ ಆಫೀಸು.”
ಸಾಲಿಗೆ ಸಾಲೇ ನಕ್ಕಿತು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಆಚೆ ತುದಿಯಿಂದ ಮಂಕಾಳಿ, ನಗದವಳು:
“ಹೋದ ವರ್ಷ ಮಗನ ಕೈಲಿ ಬರೆಸಿದ್ದೆ.
ಅದು ಎಲ್ಲಿ ಹೋಯ್ತು ಹೇಳಿ, ಮತ್ತೆ ಬರೆಸ್ತೆ.”

ಎಲ್ಲಿ ಹೋಯ್ತು.
ಸಂಜೆ ಮಾಜಾಳಿ ಬಸ್ಸು ಬಿಟ್ಟು ಹುಡುಕಿದೆ.
ಸ್ಟೋರಿನ ಕಪಾಟು, ಹಳೆಯ ಹಾಜರಿ ಪುಸ್ತಕಗಳ ಹಿಂದೆ,
ಬಲೆಯ ದಾರದಲ್ಲಿ ಕಟ್ಟಿದ ಕಂತೆ.
ಗಂಟು ನನ್ನದೇ. ಅಪ್ಪ ದೋಣಿಯಲ್ಲಿ ಕಲಿಸಿದ್ದು,
ಒದ್ದೆಯಾದಷ್ಟೂ ಬಿಗಿಯುವ ಗಂಟು.
ಹಲ್ಲಿನಿಂದ ಬಿಚ್ಚಬೇಕಾಯಿತು.

ಹದಿನಾಲ್ಕನೆಯ ಪ್ರಶ್ನೆ: ‘ಇತರೆ ಸಲಹೆಗಳೇನಾದರೂ ಇದ್ದಲ್ಲಿ.’
ಎರಡೇ ಗೆರೆ ಜಾಗ.
ಬಿಸಿನೀರು ಕೊಡಿ, ಬೆರಳು ಮರಗಟ್ಟುತ್ತವೆ.
ಕೈಗವಸು ಗಂಡಸರ ಅಳತೆ.
ಬೆಳಗಿನ ಪಾಳಿಗೆ ಬಸ್ಸಿಲ್ಲ, ಬಿಣಗಾದಿಂದ ನಡೀತೇವೆ.
ಆಮೇಲೆ ಹುಡುಗನೊಬ್ಬನ ಅಕ್ಷರ, ಕೆಂಪು ಪೆನ್ನು,
ಗೆರೆ ದಾಟಿ ಅಂಚಿಗೆ ಇಳಿದು:
ಹೆಂಗಸರ ಕಕ್ಕಸಿನ ಬಾಗಿಲಿಗೆ ಚಿಲಕ ಇಲ್ಲ.
ಒಬ್ಬರು ಹೋದರೆ ಒಬ್ಬರು ಹೊರಗೆ ಕಾಯಬೇಕು,
ಕಾದವರ ಕಿಲೋ ಕಡಿಮೆ ಆಗ್ತದೆ.

ಅವ್ವ ಹೇಳುತ್ತಿದ್ದಳು, ಅವನು ತಲೆ ತಗ್ಗಿಸಿ ಬರೆಯುತ್ತಿದ್ದ.
ಓದಿ ಮುಗಿಸಿ ನಾನೂ ತಲೆ ಎತ್ತಲಿಲ್ಲ.

ಮಾರ್ಕೆಟಿನಲ್ಲಿ ಚಿಲಕ ಅರವತ್ತು ರೂಪಾಯಿ.
ಸ್ಕ್ರೂ ಬೇರೆ.
ಮಂಜೂರಾತಿಗೆ ಬರೆದರೆ ಮೂರು ಸಹಿ. ಬರೆಯಲಿಲ್ಲ.
ಐಸ್ ಒಡೆಯುವ ಇಲಿಯಾಸ್ ರಾತ್ರಿ ಪಾಳಿಯಲ್ಲಿ ಕೂರಿಸಿಕೊಟ್ಟ.
ಸ್ವಲ್ಪ ವಾರೆ. ಆದರೆ ಬೀಳ್ತದೆ.

ಮರುದಿನ ಏನೂ ಹೇಳಲಿಲ್ಲ.
ಪೆಟ್ಟಿಗೆಯನ್ನು ಹಾಜರಿ ಗಡಿಯಾರದ ಕೆಳಗಿಟ್ಟೆ,
ಪಕ್ಕದಲ್ಲಿ ಒಂದು ಕತ್ತರಿ,
ನಂಬರಿನ ಮೂಲೆ ಬೇಡವಾದವರಿಗೆ.

ಶನಿವಾರ ಎಣಿಸಿದೆ: ಎಂಬತ್ತೊಂಬತ್ತು.
ಪರ್ಸೆಂಟಿಗೆ ಸಾಲದು, ಮ್ಯಾನೇಜರು ತುಟಿ ಸೊಟ್ಟ ಮಾಡಿದರು.
ಬಹಳಷ್ಟು ಮೂಲೆಯಿಲ್ಲದ ಹಾಳೆಗಳು, ಇಲಿ ಕಡಿದ ಹಾಗೆ,
ನೆನೆದು, ಒಣಗಿ, ಸೆಟೆದು, ವಾಸನೆ ಬೀರುತ್ತ.
ಒಂದರಲ್ಲಿ ಹದಿಮೂರು ಪ್ರಶ್ನೆಗೂ ಉತ್ತರವಿಲ್ಲ.
ಹದಿನಾಲ್ಕರಲ್ಲಿ ಕೆಂಪು ಅಕ್ಷರ, ಈ ವರ್ಷ ಇನ್ನಷ್ಟು ದುಂಡಗೆ:
ಚಿಲಕ ಬಂತು. ಇನ್ನು ಬಿಸಿನೀರು.

ಬಿಸಿನೀರಿಗೆ ನನ್ನ ಅರವತ್ತು ರೂಪಾಯಿ ಸಾಲದು.
ಕಂತೆ ಕಟ್ಟಲು ದಾರ ತೆಗೆದವನು
ಕೈ ತಡೆದು, ಬಿಡಿ ಹಾಳೆಗಳನ್ನು ಹಾಗೇ
ಮ್ಯಾನೇಜರ ಮೇಜಿನ ಮೇಲೆ ಹರಡಿ ಬಂದೆ.
ಫ್ಯಾನಿನ ಗಾಳಿಗೆ ಹಾರದಿರಲೆಂದು
ಮೇಲೆ ಯಾರೂ ಗೆಲ್ಲದ ಸ್ಟೀಲಿನ ಡಬ್ಬ.

ನನ್ನ ಫಾರ್ಮು ಇನ್ನೂ ಡ್ರಾವರಿನಲ್ಲಿದೆ, ಇನ್ನೂರ ಹನ್ನೆರಡು.
ನಾಲ್ಕನೆಯ ಪ್ರಶ್ನೆ: ‘ನಿಮ್ಮ ಮಾತನ್ನು ಇಲ್ಲಿ ಕೇಳುತ್ತಾರೆಯೆ?’
ಐದು ಚೌಕ.
ಪೆನ್ನಿನ ಮುಚ್ಚಳ ತೆಗೆದಿದ್ದೇನೆ.
ಕತ್ತರಿ ಇನ್ನೂ ಅಲ್ಲೇ ಇದೆಯೆ
ನೋಡಿ ಬರಬೇಕು.