ಇವತ್ತು ಸಿಕ್ಕಿದ್ದು

ಕನ್ನಡದ ಬೋರ್ಡು ಬೇಕೇ ಬೇಕು ಎಂದಾದ ಮೇಲೆ
ಕಾಳಿ ಸೇತುವೆ ಹತ್ತಿರದ ಹೋಟೆಲಿನವರು
ನನ್ನ ಕರೆಸಿದರು. ಗೇಟಿನ ಹಲಗೆ ಬರೆದೆ.
ಕೈ ಚೆನ್ನಾಗಿದೆ, ಮೆನುವನ್ನೂ ಬರಿ ಅಂದರು.
ಇಪ್ಪತ್ತೆಂಟು ವರ್ಷ ಬರೆದವ ನಾನು,
ದೋಣಿಯ ಮೂತಿಗೆ ದೇವರ ಹೆಸರು,
ಲಾರಿಯ ಬೆನ್ನಿಗೆ ಹಾರ್ನು, ಕಂಪೌಂಡಿಗೆ ಸಿಮೆಂಟು.
ಊಟ ಬರೆದದ್ದು ಇದೇ ಮೊದಲು.

‘ಹುಳಿ ಕೆನೆ’ ಎಂದೆ. ಮ್ಯಾನೇಜರ್ ನಕ್ಕ:
ಹಳಸಿದ್ದನ್ನು ಯಾರು ತಿಂತಾರೆ, ಸೋರ್ ಕ್ರೀಮೇ ಇರಲಿ.
‘ಜಜ್ಜಿದ ಬಟಾಟೆ’ಗೆ ಹೂಂ ಅಂದ.
‘ಕ್ಯಾಚ್ ಆಫ್ ದ ಡೇ’ಗೆ ‘ದಿನದ ಬೇಟೆ’, ಅವನದೇ ಸಲಹೆ.
ನಾನು ಬರೆದದ್ದು: ಇವತ್ತು ಸಿಕ್ಕಿದ್ದು.
ಸಿಗದ ದಿನ ಏನು ಮಾಡುವುದು,
ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.
ತಿಳಿಯದ್ದನ್ನೆಲ್ಲ ಕಿವಿಗೆ ಬಿದ್ದ ಹಾಗೇ ಇಳಿಸಿದೆ:
ರಿಸೊಟ್ಟೊ, ನ್ಯೋಕಿ, ಸ್ಪಗೆಟ್ಟಿ ವೊಂಗೊಲೆ.
ಒತ್ತಕ್ಷರ ಮಾತ್ರ ಮುತ್ತಿನ ಹಾಗೆ.

ಕೂಲಿ ಅರ್ಧ ನಗದು, ಅರ್ಧ ಕೂಪನ್ನು.
ಇಬ್ಬರಿಗೆ ಊಟ, ಸೋಮವಾರ ಮಾತ್ರ.
ಹೆಂಡತಿಗೆ ಸೋಮವಾರ ಒಪ್ಪೊತ್ತು.
ಅಕ್ಕನ ಕೇಳಿದೆ. ‘ಇಳಿತಕ್ಕೆ ಸೋಮಾರ ಇಲ್ಲ,
ನಂಗೆಂತಕ್ಕೆ?’ ಅಂದಳು ಶೇವಂತಕ್ಕ,
ಮದುವೆಗೆ ಉಡುವ ಸೀರೆ ಉಟ್ಟು ಹೊರಟಳು.

ಐದನೇ ಮಾಳಿಗೆ. ಗಾಜಿನಾಚೆ ಅಳಿವೆ.
ತುಂಬ ಹೊತ್ತು ನೋಡಿ ಅಂದಳು:
‘ಇಲ್ಲಿಂದ ಹೊಳೆ ಒದ್ದೆನೇ ಇಲ್ಲ ಮಾರಾಯ.’
ಕೈಗೆ ಹಾಕಿದ ಸ್ಯಾನಿಟೈಸರ್
ಚಿಪ್ಪು ಕೊಯ್ದ ಗೀರುಗಳಲ್ಲಿ ಉರಿಯಿತು,
ಊದಿಕೊಂಡಳು. ಮೆನುವಿನ ಮೇಲೆ ಬೆರಳಾಡಿಸಿ
ಒಂದೊಂದೇ ಅಕ್ಷರ ಕೂಡಿಸಿ ನಿಂತದ್ದು
ವೊಂಗೊಲೆಯ ಮೇಲೆ. ‘ಹೆಸರು ಚಂದ ಇದೆ, ಇದೇ ಬರಲಿ.’

ಬಂತು. ಬಿಳಿ ತಟ್ಟೆ, ಶಾವಿಗೆಯ ಸಣ್ಣ ಗುಪ್ಪೆ,
ಮೇಲೆ ಬಾಯಿ ಬಿಟ್ಟುಕೊಂಡು ಹನ್ನೆರಡು.
‘ಅಯ್ಯೋ, ಬಳಚು!’
ಇಡೀ ಕೋಣೆ ತಿರುಗಿತು.
ಎಷ್ಟು ನಕ್ಕಳೆಂದರೆ ವೇಟರ್ ಹುಡುಗ ನೀರು ತಂದ.
ನಾನು ನಗಲಿಲ್ಲ. ಬರೆದವ ನಾನೇ.

ಮುಳ್ಳುಚಮಚ ಬದಿಗೆ ಸರಿಸಿದಳು.
ಖಾಲಿ ಚಿಪ್ಪೊಂದನ್ನು ಚಿಮಟವಾಗಿ ಹಿಡಿದು
ಮುಂದಿನದರ ಮಾಂಸ ಎತ್ತಿದಳು, ಮತ್ತೆ ಮುಂದಿನದರ.
ಪಕ್ಕದ ಮೇಜಿನ ಪುಟ್ಟ ಹುಡುಗಿ ನೋಡಿ ನೋಡಿ
ತಾನೂ ಹಾಗೇ ಮಾಡಿತು.
ಬಾಯಿ ತೆರೆಯದ ಒಂದನ್ನು ಅಕ್ಕ ಬೇರೆಯಿಟ್ಟಳು:
‘ಕುದಿಯೂಕೆ ಮೊದ್ಲೇ ಸತ್ತದ್ದು. ಒಳಗೆ ಹೇಳು,
ಯಾರಿಗೂ ಹಾಕೂದು ಬೇಡ.’
ಹುಡುಗ ತಲೆಯಾಡಿಸಿದ, ಕನ್ನಡ ಬಾರದವ.

ದರ ಆಗ ಕಂಡಿತು ಅವಳಿಗೆ. ಆರುನೂರ ನಲವತ್ತು.
ಬೆರಳು ಮಡಚಿದಳು, ಬಿಡಿಸಿದಳು.
ಒಂದು ಪಾಲು ನೂರು ರೂಪಾಯಿ, ಪಾಲಿಗೆ ನೂರು ಬಳಚು...
ಬೈಯುತ್ತಾಳೆಂದುಕೊಂಡೆ.
‘ಹಂಗಾರೆ ದಿನಾ ನಾ ಕಾಲಲ್ಲಿ ತುಳಿಯೂದು
ಎಷ್ಟು ಲಕ್ಷವೇನ!’

ಮರುದಿನ ಕುಂಚ ಹಿಡಿದು ಹೋದೆ:
ತಪ್ಪಾಗಿದೆ, ಬಳಚು ಅಂತ ತಿದ್ದುತ್ತೇನೆ, ದುಡ್ಡು ಬೇಡ.
ಮ್ಯಾನೇಜರ್ ದನಿ ತಗ್ಗಿಸಿದ.
ಬಳಚು ಅಂದರೆ ಆರುನೂರು ಯಾರು ಕೊಡುತ್ತಾರೆ, ನೀನೇ ಹೇಳು.
ನನಗೂ ಹೇಳಲಾಗಲಿಲ್ಲ.

ಅಕ್ಕನಿಗೆ ತಿಳಿಸಿದೆ. ಹೌದಲ್ಲ, ಅಂದಳು.
ಬುಧವಾರ ಮೀನು ಮಾರ್ಕೆಟ್ಟಿನಲ್ಲಿ ಕೂಗಿದಳಂತೆ,
ವೊಂಗೊಲೆ, ವೊಂಗೊಲೆ, ಪಾಲು ನೂರೈವತ್ತು.
ಎರಡು ಪಾಲು ಹೋಯಿತಂತೆ.
ಮೂರನೆಯದಕ್ಕೆ
ಯಾಕೋ ನಾಚಿಕೆ ಬಂದು
ಬಳಚು ಅಂದಳಂತೆ.